ಪೆಟ್ಟು ತಿಂದ ಪತ್ತೇದಾರ

ಹುಬ್ಬು ಸೀಳಿ ಮುಖವೆಲ್ಲ ರಕ್ತವಾಗಿದ್ದರೂ ಬಾಕ್ಸಿಂಗ್ ಕೋಚ್‌ನ ಕಣ್ಣು ನನ್ನ ಮೇಜಿನ ಮೇಲಿದ್ದ ಹಳೇ ಪತ್ತೇದಾರಿ ಕಾದಂಬರಿಯ ಮೇಲೇ ಇತ್ತು.

"ಸಿಸ್ಟರ್, ಹೇಗಿದೆ ಪುಸ್ತಕ?"

"ಅಲ್ಲಾಡ್ಬೇಡಿ, ಕೈಲಿ ಸೂಜಿ ಇದೆ. ಪತ್ತೇದಾರನ ತಲೆಗೆ ರಾಡಲ್ಲಿ ಹೊಡೀತಾರೆ. ನಮ್ಮ ವಾರ್ಡಲ್ಲಾಗಿದ್ರೆ ವಾಂತಿ ಮಾಡ್ಕೊಂಡು ವಾರ ಮಲಗಿರ್ತಿದ್ದ. ಇವನು ಎದ್ದು ಕೋಟು ಕೊಡವಿ ಸಿಗರೇಟು ಹಚ್ತಾನೆ!"

"ಇಷ್ಟ ಆದ್ನಾ?"

"ತುಂಬಾ," ಎಂದೆ. ಅವನ ಮುಖ ನೋಡಿಕೊಂಡೇ ಎಂದೆ, ಸುಳ್ಳೇಕೆ?

ಆಮೇಲೆ ಅವನು ಮೈಕೈ ಒಡೆಸಿಕೊಂಡು ಬಂದಾಗಲೆಲ್ಲ ಒಂದಿಷ್ಟು ಕಥೆ ಹೇಳುತ್ತಿದ್ದೆ. ಗುಂಡೇಟು, ಕತ್ತು ಹಿಸುಕಿದ ಹೆಣ, ಒಡೆದ ಬಾಟಲಿ. ಒಮ್ಮೆ ಅಕ್ಕನ ಮಾತೂ ಬಾಯಿಗೆ ಬಂದುಬಿಟ್ಟಿತು. ಭಾವ ಅವಳ ಕೈ ಮುರಿದಿದ್ದ. ಕೋಚ್‌ನ ನಗು ನಿಂತಿತು; ಭಾವನ ಮನೆ ಎಲ್ಲಿ ಎಂದು ಕೇಳಿಕೊಂಡ.

ಆ ವಾರವೇ ಭಾವ ಸ್ಟ್ರೆಚರ್ ಮೇಲೆ ಬಂದ. ದವಡೆ ಮುರಿದಿತ್ತು, ಹಲ್ಲುಗಳು ರಕ್ತದ ಜೊತೆ ಉದುರುತ್ತಿದ್ದವು. ನನ್ನ ಹೊಟ್ಟೆ ತಣ್ಣಗಾಗಬೇಕಿತ್ತು, ಆಗಲಿಲ್ಲ. ಉಸಿರಿಗೆ ಒದ್ದಾಡುತ್ತಿದ್ದವನ ಗಂಟಲಿನಿಂದ ರಕ್ತ ತೆಗೆದವಳೂ ನಾನೇ.

ಹೊರಗೆ ಕಾರಿಡಾರಿನಲ್ಲಿ ಕೋಚ್ ನಿಂತಿದ್ದ. ಬೆರಳ ಗೆಣ್ಣುಗಳು ಸುಲಿದಿದ್ದವು.

"ನಿಮ್ಮ ಹೀರೋನೂ ಇದನ್ನೇ ಮಾಡ್ತಿದ್ದ ಅಲ್ವಾ? ಅಂಥವನೇ ಇಷ್ಟ ಅಂದ್ರಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. "ನಿಮ್ಮ ತಲೆ! ಹೊಡೀತಾನೆ ಅಂತ ಇಷ್ಟ ಆಗಿದ್ದಲ್ಲರೀ. ಎಷ್ಟು ಪೆಟ್ಟು ತಿಂದ್ರೂ ಸುಳ್ಳು ಹೇಳಲ್ಲ, ಅದಕ್ಕೆ. ಕೊನೇಲಿ ಪ್ರೀತಿಸಿದವಳೇ ಕೊಲೆ ಮಾಡಿದಾಳೆ ಅಂತ ಗೊತ್ತಾದಾಗ ಅವಳನ್ನೂ ಹಿಡಿದುಕೊಡ್ತಾನೆ."

"ಹಾಗಾದ್ರೆ ನೀವು?"

"ಹೊಡೆದಾಟದ ಕೇಸು ಬಂದ್ರೆ ಪೊಲೀಸರಿಗೆ ಫೋನ್ ಮಾಡ್ಲೇಬೇಕು. ಮಾಡಿದ್ದಾಯ್ತು. ಯಾರು ಅಂತ ಕೇಳಿದ್ರೆ ನಾನೂ ಸುಳ್ಳು ಹೇಳಲ್ಲ."

ಹಿಂಬಾಗಿಲು ತೆರೆದೇ ಇತ್ತು. ಅವನು ಅದನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ನಿಂತರೆ ಅವನಿಗೆ ಜೈಲು, ಓಡಿದರೆ ನನ್ನ ಪಾಲಿಗೆ ಅವನು ಮುಗಿದ ಹಾಗೆ.

ಅವನು ಬೆಂಚಿನ ಮೇಲೆ ಕುಳಿತುಬಿಟ್ಟ.

"ನೀವು ಹೇಳೋದು ಬೇಡ, ನಾನೇ ಒಪ್ಕೋತೀನಿ. ಆ ಪ್ರೀತಿಸಿದವಳು ಜೈಲಿಂದ ಹೊರಗೆ ಬರೋತನಕ ಪತ್ತೇದಾರ ಕಾಯ್ತಾನಾ?"

"ಗೊತ್ತಿಲ್ಲ. ಪುಸ್ತಕ ಅಲ್ಲಿಗೇ ಮುಗಿಯುತ್ತೆ."

ಅವನು ತಲೆ ತಗ್ಗಿಸಿದ. ನಾನು ಪಕ್ಕದಲ್ಲಿ ಕುಳಿತು, ಅವನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಹತ್ತಿಯಿಂದ ಒರೆಸತೊಡಗಿದೆ. ಅದರಲ್ಲಿ ಭಾವನ ರಕ್ತವೂ ಇತ್ತು, ಅವನದೂ ಇತ್ತು.

"ರಿಂಗ್ ಹೊರಗೆ ಇನ್ನೊಂದ್ಸಲ ಯಾರ ಮೇಲಾದ್ರೂ ಕೈ ಎತ್ತಿದ್ರೆ ನಾನಿಲ್ಲ," ಎಂದೆ.

"ಎತ್ತಲ್ಲ."

"ಹಾಗಾದ್ರೆ ಕಾಯ್ತೀನಿ."

ಪೊಲೀಸರು ಬಂದು ಎದುರಿಗೆ ನಿಂತರು. ನಾನು ಕೈ ಬಿಡಲಿಲ್ಲ.