ಮೊದಲ ಹಾಳೆಯ ಮಸಿ

ಮಧ್ಯಾಹ್ನ ಮೂರೂವರೆಗೆ ಯಜಮಾನರು ಹೊರಗಿನ ಕೆಲಸ ಮುಗಿಸಿ ಬಂದು ಹಿಂದಿನ ಕೋಣೆಯ ಬಾಗಿಲು ತೆಗೆದರು. ಮರುದಿನ ಸ್ಪರ್ಧೆಗೆ ಹೋಗಬೇಕಿದ್ದ ಗ್ರಂಥಾಲಯದ ನಕ್ಷೆಯ ಮೊದಲ ಹಾಳೆ ಕರಿಮಸಿಯಲ್ಲಿ ಮುಳುಗಿತ್ತು. ಪಕ್ಕದಲ್ಲಿ ಮಗುಚಿ ಬಿದ್ದಿದ್ದ ಬಾಟಲಿಯ ಮೇಲೆ ಪುಟ್ಟಿಯ ಮೇಜಿನ ಸಂಖ್ಯೆ ಇತ್ತು. ಆ ಕಟ್ಟಡ ನಕ್ಷೆಗಳ ಕಚೇರಿಯಲ್ಲಿ ಮಸಿಬಾಟಲಿಯಿಂದ ಅಳತೆಪಟ್ಟಿಯವರೆಗೆ ಎಲ್ಲಕ್ಕೂ ಸಂಖ್ಯೆ ಅಂಟಿಸುವುದು ದಾಸ್ತಾನು ಕೋಣೆ ನೋಡಿಕೊಳ್ಳುವ ದೊಡ್ಡಮ್ಮನ ಕಟ್ಟುನಿಟ್ಟು. ಪುಟ್ಟಿ ಆಕೆಯ ಸ್ವಂತ ತಂಗಿಯ ಮಗಳು, ಅಲ್ಲಿನ ಕಿರಿಯ ನಕ್ಷೆಗಾರ್ತಿ.

ಪುಟ್ಟಿಯ ಗ್ರಹಚಾರಕ್ಕೆ ಅಂದು ಬೆಳಿಗ್ಗೆಯೇ ಅವಳ ಬಾಯಿಂದ ಒಂದು ಮಾತು ಜಾರಿತ್ತು. ಅದಕ್ಕೆ ಕಾರಣ ಎದುರು ಮೇಜಿನ ನಕ್ಷೆಗಾರ. ಅವನನ್ನು ಎಲ್ಲರೂ ಬೆನ್ನ ಹಿಂದೆ ತುತ್ತೂರಿ ಎನ್ನುತ್ತಿದ್ದರು. ಅವನು ಒಂದು ಗೆರೆ ಎಳೆದರೆ ಅದನ್ನು ನೋಡಲು ಮೂವರು ಎದ್ದು ಬರಬೇಕಿತ್ತು. ಫೋನು ಹಿಡಿದು ತನ್ನ ಪ್ರತಿಭೆಯ ವರ್ಣನೆಗೆ ತೊಡಗಿದನೆಂದರೆ ಉಳಿದವರು ಲೆಕ್ಕ ತಪ್ಪಿ ಮತ್ತೆ ಮೊದಲಿಂದ ಅಳೆಯಬೇಕಿತ್ತು. ಪುಟ್ಟಿಯಂತೂ ಊಟವಾದ ಮೇಲೆ ನಕ್ಷೆ ಬರೆಯುವ ಹಲಗೆ ಹೊತ್ತುಕೊಂಡು ತಾರಸಿಯ ಮೆಟ್ಟಿಲಿಗೆ ಓಡಿಹೋಗುತ್ತಿದ್ದಳು.

ಆ ಗ್ರಂಥಾಲಯದ ನಕ್ಷೆಯನ್ನು ಹನ್ನೊಂದು ವಾರ ಕೂತು ಬರೆದವರು ಮೇಷ್ಟ್ರು. ಅವರು ಅಲ್ಲಿನ ಹಿರಿಯ ನಕ್ಷೆಗಾರರು, ಪುಟ್ಟಿಗೆ ಲೇಖನಿ ಹಿಡಿಯಲು ಕಲಿಸಿದವರು. ತುತ್ತೂರಿ ಅದಕ್ಕೆ ಮರಗಿಡಗಳ ಬಣ್ಣ ತುಂಬಿದ್ದ. ಮೊದಲ ವಾರ ಅದು 'ಮೇಷ್ಟ್ರ ನಕ್ಷೆ', ಆಮೇಲೆ 'ನಮ್ಮ ನಕ್ಷೆ', ಕೊನೆಗೆ 'ನನ್ನ ನಕ್ಷೆ' ಆಯಿತು. ಸದಾ ಹೊರಗೆ ಓಡಾಡುವ ಯಜಮಾನರು ಅದನ್ನೇ ನಂಬಿದರು. ಅಂದು ಬೆಳಿಗ್ಗೆ ಮೊದಲ ಹಾಳೆಯ ಮೂಲೆಯಲ್ಲಿ ತುತ್ತೂರಿಯ ಹೆಸರೊಂದೇ ಕಾಣಿಸಿತು. ಪುಟ್ಟಿಗೆ ಮೈಯೆಲ್ಲ ಉರಿದುಹೋಯಿತು. ಒಂದು ದಿನ ಇದರ ಮೇಲೆ ಮಸಿ ಸುರಿಯುತ್ತೇನೆ ಎಂದು ಎಲ್ಲರೆದುರೇ ಅಂದುಬಿಟ್ಟಳು. ಮೇಷ್ಟ್ರು ಮಾತ್ರ ಪೆನ್ಸಿಲ್ ಕೆತ್ತುತ್ತಾ, "ಹೋಗ್ಲಿ ಬಿಡು ಪುಟ್ಟಿ," ಎಂದಿದ್ದರು. ತುಂಬಿದ ಕೊಡ ತುಳುಕುವುದಿಲ್ಲ ಎಂದು ಅವಳು ಮನಸ್ಸಿನಲ್ಲೇ ಕೈಮುಗಿದಿದ್ದಳು.

ಉಳಿದವರು ಆ ಮಧ್ಯಾಹ್ನ ಹೊರಗೆ ಅಳತೆಗೆ ಹೋಗಿದ್ದರು. ಯಜಮಾನರು ಆ ಸಂಜೆಯೇ, ಎರಡರಿಂದ ಮೂರೂವರೆಯವರೆಗೆ ಎಲ್ಲಿದ್ದಿರಿ ಎಂದು ಪುಟ್ಟಿ, ಮೇಷ್ಟ್ರು ಇಬ್ಬರಿಂದಲೂ ಬರೆಸಿಕೊಂಡರು. ತುತ್ತೂರಿ ಮೂರಕ್ಕೇ ಮನೆಗೆ ಹೋಗಿದ್ದ. ಪುಟ್ಟಿ ತಾರಸಿಯಲ್ಲಿದ್ದೆ ಎಂದು ಬರೆದಳು, ನೋಡಿದವರು ಯಾರೂ ಇರಲಿಲ್ಲ. ಸ್ಪರ್ಧೆಯವರು ನಾಲ್ಕು ದಿನದ ಅವಕಾಶ ಕೊಟ್ಟರು. ಯಜಮಾನರು ಪುಟ್ಟಿಗೆ ಅಷ್ಟನ್ನೂ ಕೊಡಲಿಲ್ಲ. ನಾಳೆ ಹನ್ನೊಂದಕ್ಕೆ ಸರಿಯಾದ ಉತ್ತರ ಸಿಗದಿದ್ದರೆ ಕೆಲಸ ಬಿಡಬೇಕಾಗುತ್ತದೆ ಎಂದರು.

ಕಚೇರಿಯಲ್ಲಿ ಕಳೆದುಹೋದ ಬೀಗದ ಕೈಯಿಂದ ಹಿಡಿದು ಹೆಸರಿಲ್ಲದ ಪತ್ರಗಳವರೆಗೆ ಎಲ್ಲ ಗಂಟು ಬಿಡಿಸಿದ್ದು ದೊಡ್ಡಮ್ಮನೇ. ಆಗೆಲ್ಲ ಪುಟ್ಟಿ ಅವಳ ಬಲಗೈ. ಈ ಸಲ ಬಲಗೈಗೇ ಕೋಳ ಬೀಳುವಂತಾಗಿತ್ತು. ಅತ್ತು ಮುಖ ಊದಿಸಿಕೊಂಡಿದ್ದವಳನ್ನು ದೊಡ್ಡಮ್ಮ ಸಮಾಧಾನಪಡಿಸಲಿಲ್ಲ, ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ, "ಉಳಿದ ಹಾಳೆಗಳು ಎಲ್ಲಿದಾವೆ ನೋಡು," ಎಂದಳು.

ಐದು ಹಾಳೆಗಳೂ ಕಪಾಟಿನಲ್ಲಿದ್ದವು. ಎರಡರಿಂದ ಆರರವರೆಗೆ ಕ್ರಮವಾಗಿ, ನಡುನಡುವೆ ತೆಳುಕಾಗದ ಹಾಕಿ ಇಟ್ಟಿದ್ದರು. ಮಧ್ಯಾಹ್ನ ಎರಡಕ್ಕೆ ಯಜಮಾನರು ಹೊರಡುವಾಗ ಆರೂ ಮೇಜಿನ ಮೇಲೆ ಒಂದರ ಮೇಲೊಂದು ಇದ್ದವಂತೆ.

ಮರುದಿನ ಬೆಳಿಗ್ಗೆ ತುತ್ತೂರಿ ಬಂದಾಗ ಅವನ ಕೆನ್ನೆ ಬನ್ನಿನಂತೆ ಊದಿತ್ತು. ಹಿಂದಿನ ದಿನ ಊಟದ ಹೊತ್ತಿನಲ್ಲಿ ದವಡೆಹಲ್ಲು ಕೀಳಿಸಿಕೊಂಡಿದ್ದನಂತೆ. ಇನ್ನೂ ಎರಡು ದಿನ ಬಾಯಿ ತೆರೆಯುವಂತಿರಲಿಲ್ಲ. ಅವನೂ ಹೇಳಿಕೆ ಬರೆದುಕೊಟ್ಟ: ಎರಡಕ್ಕೆ ಬಂದೆ, ಮಾತ್ರೆ ನುಂಗಿದೆ, ಗೋಡೆ ಕಡೆ ತಿರುಗಿ ಮೇಜಿನ ಮೇಲೆ ತಲೆಯಿಟ್ಟು ಮಲಗಿದೆ, ಮೂರಕ್ಕೆ ಎದ್ದು ಹೋದೆ, ಕೋಣೆಯಲ್ಲಿ ಯಾರಿದ್ದರೋ ಗೊತ್ತಿಲ್ಲ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದ್ದ: 'ಪುಟ್ಟಿ ಬಾಯಲ್ಲಿ ಬೈಯುತ್ತಾಳೆ, ಕೈಯಲ್ಲಿ ಮಾಡುವವಳಲ್ಲ.' ಪುಟ್ಟಿ ಅದನ್ನು ಎರಡು ಸಲ ಓದಿದಳು. ಹಿಂದಿನ ಸಂಜೆಯಿಂದ ಅವಳ ಪರವಾಗಿ ಒಂದು ಮಾತು ಬಂದದ್ದು ಅದೇ ಮೊದಲು.

ಹನ್ನೊಂದಕ್ಕೆ ಎಲ್ಲರೂ ಸೇರಿದರು. ದೊಡ್ಡಮ್ಮ ಸ್ಟೂಲಿನ ಮೇಲೆ ಕೂತು, ಯಾರನ್ನೂ ನೋಡದೆ ಮಾತು ಶುರು ಮಾಡಿದಳು. ಪುಟ್ಟಿಯ ಬಾಟಲಿ ತೆರೆದ ಮೇಜಿನ ಮೇಲೇ ಇರುತ್ತದೆ, ಯಾರು ಬೇಕಾದರೂ ಎತ್ತಿಕೊಳ್ಳಬಹುದು, ಆದ್ದರಿಂದ ಸಂಖ್ಯೆಯಿಂದ ಏನೂ ಸಾಬೀತಾಗದು ಎಂದಳು. ಕೋಪದ ಭರದಲ್ಲಿ ಸುರಿದವರು ಆರೂ ಹಾಳೆಗಳ ಮೇಲೆ ಸುರಿಯುತ್ತಿದ್ದರು. ಇಲ್ಲಿ ಐದನ್ನು ಮೊದಲು ಎತ್ತಿ ಜೋಪಾನ ಮಾಡಿ, ತುತ್ತೂರಿಯ ಹೆಸರಿದ್ದ ಒಂದನ್ನೇ ಕೆಡಿಸಿದ್ದಾರೆ.

"ಆ ಗೆರೆಗಳ ಮೇಲೆ ಅಷ್ಟು ಕರುಳಿರೋದು ಅವನ್ನ ಎಳೆದವರಿಗೇ," ಎಂದಳು. "ಅದು ಬರೀ ಊಹೆ ಅಂತೀರೇನೋ. ಹಾಗಾದ್ರೆ ಈ ಹೇಳಿಕೆ ಓದ್ತೀನಿ, ಕೇಳಿ. 'ಎರಡರಿಂದ ಮೂರೂವರೆವರೆಗೆ ನನ್ನ ಮೇಜಿನಲ್ಲೇ ಇದ್ದೆ. ಎದುರಿನವರ ಭಾಷಣದ ಗದ್ದಲದಲ್ಲಿ ಒಂದು ಗೆರೆಯನ್ನೂ ಎಳೆಯಲಾಗಲಿಲ್ಲ.'"

ತುತ್ತೂರಿ ಊದಿದ ಕೆನ್ನೆ ಹಿಡಿದುಕೊಂಡು ತಲೆಯೆತ್ತಿದ. ನಿನ್ನೆ ಆ ಹೊತ್ತಿನಲ್ಲಿ ಅವನ ಬಾಯಿತುಂಬ ಹತ್ತಿ ಇತ್ತು, ಮಾತ್ರೆಗೆ ನೀರನ್ನೂ ನನ್ನ ಹತ್ತಿರ ಚೀಟಿ ಬರೆದೇ ಕೇಳಿದ ಎಂದು ದೊಡ್ಡಮ್ಮ ವಿವರಿಸಿದಳು. ದಿನಾ ದೂರುವ ಅಭ್ಯಾಸದಿಂದ ಬರೆದವರ ಲೇಖನಿ ತಾನಾಗಿ ಓಡಿತ್ತು. ಆ ಹೊತ್ತು ನಿಜವಾಗಿ ಕೋಣೆಯಲ್ಲಿ ಕೂತಿದ್ದ ಯಾರಿಗೂ ಆ ಸಾಲು ಬರೆಯಲು ಸಾಧ್ಯವಿರಲಿಲ್ಲ.

ಹೇಳಿಕೆ ಮೇಷ್ಟ್ರದು. ಅವರು ಅಲ್ಲಗಳೆಯಲಿಲ್ಲ. ಯಜಮಾನರು ಹೊರಟ ಕೂಡಲೇ, ತುತ್ತೂರಿ ಬರುವ ಮೊದಲೇ ಬಾಟಲಿ ಎತ್ತಿಕೊಂಡು ಹಿಂದಿನ ಕೋಣೆಗೆ ಹೋದೆ, ಮಸಿ ಸುರಿದು ಹಿಂಬದಿ ಮೆಟ್ಟಿಲಿಳಿದು ಮೂರೂವರೆವರೆಗೆ ಉದ್ಯಾನದಲ್ಲಿ ಕೂತಿದ್ದೆ ಎಂದರು. ಹನ್ನೊಂದು ವಾರದ ಕೆಲಸ, ಆ ಮೂಲೆ ನೋಡಿ ತಡೆಯಲಾಗಲಿಲ್ಲ ಎಂದರು. ಕೈಗೆ ಸಿಕ್ಕಿದ ಬಾಟಲಿ ಯಾರದೆಂದು ನೋಡಿರಲಿಲ್ಲವಂತೆ. ಯಜಮಾನರು ತುತ್ತೂರಿಯ ಕಡೆ ತಿರುಗಿ ಇದು ನಿಜವೇ ಎಂದು ಕೇಳಿದಾಗ ಅವನು ಚೀಟಿ ಎಳೆದುಕೊಂಡು 'ನಕ್ಷೆ ಮೇಷ್ಟ್ರದು, ಬಣ್ಣ ನನ್ನದು' ಎಂದು ಬರೆದ. ಬಣ್ಣದ ವಿಷಯವನ್ನು ಬಿಡುವುದಕ್ಕೆ ಅವನಿಗೆ ಆಗಲೂ ಮನಸ್ಸಾಗಲಿಲ್ಲ.

ಕೆಲಸ ಉಳಿಯಿತೆಂದು ಪುಟ್ಟಿಗೆ ಮೊದಲು ಉಸಿರು ಬಂತು. ಅದರ ಹಿಂದೆಯೇ ಸಿಟ್ಟು ಬಂತು.

"ಬಾಟಲಿ ನನ್ದು ಅಂತ ನಿನ್ನೆ ಸಂಜೆ ಗೊತ್ತಾಯ್ತಲ್ಲ ಮೇಷ್ಟ್ರೇ. ಆಗ್ಲೂ ಸುಮ್ಮನಿದ್ರಿ. ನಾನು ಅಳ್ತಾ ಇದ್ದೆ, ನೀವು ಪೆನ್ಸಿಲ್ ಕೆತ್ತುತಾ ಇದ್ರಿ."



ಯಜಮಾನರು ಕೊನೆಗೆ ತೀರ್ಮಾನ ಹೇಳಿದರು. ಮೊದಲ ಹಾಳೆಯನ್ನು ಮೇಷ್ಟ್ರೇ ಮತ್ತೆ ಬರೆಯಬೇಕು, ಅವರ ಹೆಸರಿನಲ್ಲೇ ಹೋಗುತ್ತದೆ. ಅದು ಮುಗಿದ ಮೇಲೆ ಅವರು ಇಲ್ಲಿರುವುದೋ ಬಿಡುವುದೋ ನೋಡೋಣ ಎಂದರು. ಬೇರೆಯವರು ತಲಾ ಒಂದು ಭಾಗ ಸಹಾಯ ಮಾಡಬೇಕಿತ್ತು. ಮೇಷ್ಟ್ರು ತಮ್ಮ ಪಕ್ಕದ ಮೇಜನ್ನು ಒರೆಸಿ, ಮೊದಲಿನಂತೆ ಕುರ್ಚಿ ಎಳೆದಿಟ್ಟರು.

"ಬಾ ಪುಟ್ಟಿ, ಮುಂಬಾಗಿಲ ಗೆರೆ ನೀನೇ ಎಳಿ."

ಪುಟ್ಟಿ ಹಲಗೆ ಎತ್ತಿಕೊಂಡು ಹೋಗಿ ತುತ್ತೂರಿಯ ಪಕ್ಕದಲ್ಲಿ ಕೂತಳು.