ಕಲ್ಲಿನ ಮೂಲೆಯ ಅಲೆ

"ಅಮ್ಮಾ, ಸ್ಟಾಪ್! ಸಾಕು!"

ಅಮ್ಮ ಕೇಳಿಸಿಕೊಂಡರೆ ತಾನೆ! ಕಡಲತೀರದ ಕಾರ್ ಪಾರ್ಕಿನ ಕೊರೆಯುವ ಗಾಳಿಯಲ್ಲಿ ನಿಂತು ಇಂಚರಾಳ ಅಂಗೈ, ಅಂಗಾಲಿಗೆ ಕೊಬ್ಬರಿ ಎಣ್ಣೆ ತಿಕ್ಕುತ್ತಲೇ ಇದ್ದಳು. ಜುಲೈ ಎಂದರೆ ಇಲ್ಲಿ ಚಳಿಗಾಲ; ಆ ಚಳಿಗೆ ಬಾಟಲಿಯೊಳಗೇ ಗಟ್ಟಿಯಾಗಿದ್ದ ಎಣ್ಣೆಯನ್ನು ಟ್ರುಗನಿನಾದ ಮನೆಯಿಂದ ಇಲ್ಲಿಯವರೆಗೆ ಕಾರಿನ ಹೀಟರ್ ಮುಂದಿಟ್ಟು ಕರಗಿಸಿಕೊಂಡು ಬಂದಿದ್ದಳು.

"ನೀರು ಐಸ್ ಥರ ಇರತ್ತೆ ಕಣೆ. ಎಣ್ಣೆ ಇದ್ರೆ ಚಳಿ ಒಳಗೆ ಹೋಗಲ್ಲ."

ಇಂಚರಾಳ ಗಮನವೆಲ್ಲ ಸಮುದ್ರದ ಮೇಲಿತ್ತು. ಇವತ್ತು ಸರ್ಫಿಂಗ್ ಕ್ಲಾಸಿನ ಕೊನೆಯ ದಿನ. ದಡದ ಪುಟ್ಟ ಅಲೆಯಲ್ಲಿ ಬೋರ್ಡ್ ಮೇಲೆ ಸರಿಯಾಗಿ ಎದ್ದು ನಿಂತವರನ್ನು ಮಾತ್ರ ಕೋಚ್ ಕ್ಲೋಯಿ ಬಂಡೆಗಳ ಕಡೆ ಕರೆದುಕೊಂಡು ಹೋಗುತ್ತಾಳೆ. ಅಲ್ಲಿ ಕಡಲಿಗೆ ಚಾಚಿದ ಕಲ್ಲಿನ ಮೂಲೆಯನ್ನು ಸುತ್ತಿಕೊಂಡು ದೊಡ್ಡ ಅಲೆಗಳು ಬರುತ್ತವೆ. ಅಂಥದ್ದೊಂದರ ಮೇಲೆ ಒಮ್ಮೆಯಾದರೂ ನಿಲ್ಲಬೇಕೆಂದು ಇಂಚರಾಗೆ ತುಂಬಾ ಆಸೆ.

ನಿಲ್ಲುವುದಿರಲಿ, ಇವತ್ತು ಬೋರ್ಡ್ ಹಿಡಿಯುವುದೇ ಕಷ್ಟವಾಯಿತು. ಕೈ ಊರಿದರೆ ಕೈ ಜಾರಿತು, ಕಾಲು ಇಟ್ಟರೆ ಕಾಲು ಜಾರಿತು. ಬಿದ್ದೂ ಬಿದ್ದೂ ಮೂಗಿನೊಳಗೆಲ್ಲ ಉಪ್ಪುನೀರು.

ಕ್ಲೋಯಿ ಅವಳ ಅಂಗೈ ಮೂಸಿ ನೋಡಿದಳು. "ಕೋಕೋನಟ್ ಆಯಿಲ್? ಜಾರದೆ ಇರ್ಲಿ ಅಂತ ನಾವು ಬೋರ್ಡಿಗೆ ಮೇಣ ಹಚ್ತೀವಿ. ನೀನು ಎಣ್ಣೆ ಹಚ್ಕೊಂಡು ಬಂದಿದ್ದೀಯಲ್ಲ!"

ಇಂಚರಾಗೆ ಅಮ್ಮನ ಮೇಲೆ ಕೆಂಡದಂಥ ಕೋಪ ಬಂತು. ಒದ್ದೆ ಮರಳಿನಿಂದ ಕೈಕಾಲು ಉಜ್ಜಿಕೊಂಡಳು. ಕ್ಲೋಯಿ ಬೋರ್ಡಿಗೆ ಹೊಸದಾಗಿ ಮೇಣ ತಿಕ್ಕಿಕೊಟ್ಟಳು. ಮುಂದಿನ ಅಲೆಗೇ ಇಂಚರಾ ಎದ್ದು ನಿಂತಳು!

"ಕಮ್ ಆನ್," ಎಂದ ಕ್ಲೋಯಿ ಅವಳನ್ನು ಬಂಡೆಗಳ ಕಡೆ ಕರೆದೊಯ್ದಳು.

ದೂರದಲ್ಲಿ ನೀರು ಸದ್ದಿಲ್ಲದೆ ಉಬ್ಬಿತು. ಉಬ್ಬಿದ ನೀರು ಕಲ್ಲಿನ ಮೂಲೆಗೆ ಬಂದು, ಬಾಗಿಲು ತೆರೆದುಕೊಳ್ಳುವ ಹಾಗೆ ತಿರುಗಿತು. ಬಂಡೆಯ ಕಡೆ ಬೆಳ್ಳಗೆ ಒಡೆಯುತ್ತಿತ್ತು, ಈ ಕಡೆ ಇನ್ನೂ ನುಣ್ಣಗೆ, ಹಸಿರಾಗಿತ್ತು. ಇಂಚರಾ ಬಾಯಿ ತೆರೆದು ನೋಡಿದಳು.

"ಇದೆಲ್ಲಾ ಎಲ್ಲಿಂದ ಬರತ್ತೆ?"

"ಅಂಟಾರ್ಕ್ಟಿಕಾ ಕಡೆಯಿಂದ," ಎಂದಳು ಕ್ಲೋಯಿ. "ಪ್ಯಾಡಲ್! ಈಗ!"

ಇಂಚರಾ ಬೋರ್ಡ್ ಮೇಲೆ ಮಲಗಿ ಎರಡೂ ಕೈಯಿಂದ ಜೋರಾಗಿ ನೀರು ಎಳೆದಳು. ಯಾರೋ ಕೆಳಗಿನಿಂದ ಎತ್ತಿದ ಹಾಗಾಯಿತು. ಎದ್ದು ನಿಂತಳು. ಪಕ್ಕದಲ್ಲಿ ಬಂಡೆಗಳು ಓಡಿದವು, ಪಾದದ ಕೆಳಗೆ ನೀರು ಸುಯ್ ಎಂದಿತು. ಕಣ್ಣಿಗೆ ಕಂಡದ್ದು ಮುಂದಿನ ಹಸಿರು ದಾರಿ ಮಾತ್ರ.

ದಡದಲ್ಲಿ ಅಮ್ಮ ನಿಂತಿದ್ದಳು. ಶೂ ಒದ್ದೆಯಾದದ್ದೂ ಅವಳಿಗೆ ಗೊತ್ತಿರಲಿಲ್ಲ.

"ಅಮ್ಮಾ! ಡಿಡ್ ಯು ಸೀ ಮಿ?"

ಅಮ್ಮ ಅವಳ ಕೈಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ಬಿಡಲೇ ಇಲ್ಲ.

"ಚಳಿನಾ ಅಮ್ಮಾ?"

"ಇಲ್ಲ ಪುಟ್ಟಿ. ನಿನ್ನ ಹಿಂದೆ ಆ ಅಲೆ ಹ್ಯಾಗೆ ಎದ್ದಿತ್ತು, ನೀನು ನೋಡ್ಲೇ ಇಲ್ಲ."

ಇಂಚರಾ ತಿರುಗಿದಳು. ಮುಂದಿನ ಅಲೆಯ ಮೇಲೆ ಕ್ಲೋಯಿ ಬರುತ್ತಿದ್ದಳು. ಅವಳ ಬೆನ್ನ ಹಿಂದೆ ಹಸಿರು ನೀರು ತಲೆಯವರೆಗೆ ಎದ್ದಿತು, ತಲೆಗಿಂತ ಮೇಲಕ್ಕೂ ಎದ್ದಿತು. ಅದರ ಮುಂದೆ ಅಷ್ಟು ದೊಡ್ಡ ಕ್ಲೋಯಿ ಇಷ್ಟೇ ಇಷ್ಟು ಕಂಡಳು. ಅವಳು ಮಾತ್ರ ನೇರ ಮುಂದೆ ನೋಡಿಕೊಂಡು ನಗುತ್ತಿದ್ದಳು.

ಕ್ಲೋಯಿ ದಡ ಮುಟ್ಟುವವರೆಗೂ ಇಂಚರಾ ಅಮ್ಮನ ಕೈಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಳು.