ಕೋಟೆ ಗೋಡೆಯ ಕೆಂಪು ಹಕ್ಕಿ

"ಇನ್ನೂ ಕೆಂಪು ಬಿಡ್ತಾ ಇದೆ ನೋಡು. ಸರಿಯಾಗಿ ಹಿಂಡು," ಅಂದ ಅಪ್ಪ, ಏಣಿಯ ಮೇಲೆ ನಿಂತು ಬೋರ್ಡಿನಿಂದ ಕಣ್ಣು ತೆಗೆಯದೆ.

ಬುಗುರಿ ಬ್ರಷ್ಷನ್ನು ಮತ್ತೆ ಸೀಮೆಎಣ್ಣೆಯಲ್ಲಿ ಅದ್ದಿ, ಹಳೇ ಬಟ್ಟೆಗೆ ಒತ್ತಿದಳು. ಬಟ್ಟೆಯ ಮೇಲೆ ಕೆಂಪು ಹರಡಿತು. ಅವಳು ಥಟ್ಟನೆ ಮುಖ ತಿರುಗಿಸಿದಳು. ಕೋಟೆ ನೋಡಿ ಬಂದ ಮೇಲೆ ಕೆಂಪು ಬಣ್ಣ ಕಂಡಾಗಲೆಲ್ಲ ಹೀಗೇ.

ಅಪ್ಪನದು ಬೋರ್ಡ್ ಬರೆಯುವ ಅಂಗಡಿ. ಬಿಸಿಲಿಗೂ ಮಳೆಗೂ ಮಾಸಿಹೋದ ಬೋರ್ಡುಗಳು ಅಲ್ಲಿಗೆ ಬರುತ್ತವೆ. ಅಪ್ಪ ಹಳೆಯ ಗೆರೆಯ ಮೇಲೇ ಹೊಸ ಬಣ್ಣ ಎಳೆದು ಕಳಿಸುತ್ತಾನೆ. ಮೂಲೆಯ ಹೂವು, ಬಳ್ಳಿ ಎಲ್ಲ ಮಗಳ ಪಾಲು. ಒಂದು ಕಡೆ ನಿಲ್ಲದ ಹುಡುಗಿ ಅಂತ ಅವಳನ್ನು ಎಲ್ಲರೂ ಬುಗುರಿ ಅನ್ನುತ್ತಿದ್ದರು. ಕೈಗೆ ಬ್ರಷ್ ಕೊಟ್ಟರೆ ಮಾತ್ರ ಅವಳು ಅಲ್ಲಾಡುತ್ತಿರಲಿಲ್ಲ.

ಆದರೆ ಈಗೀಗ ಅಪ್ಪ ಹೂವು ಬರೆಯಲು ಕರೆಯುತ್ತಲೇ ಇರಲಿಲ್ಲ. ಬರೀ ಬ್ರಷ್ ತೊಳೆಯುವ ಕೆಲಸ.

ಕೋಟೆಗೆ ಹೋದ ದಿನ ಎಷ್ಟು ಖುಷಿಯಾಗಿ ಹೊರಟಿದ್ದರು! ಕೋಟೆಯ ಹತ್ತಿರದ ಚಪ್ಪಲಿ ಅಂಗಡಿಗೆ ಹೊಸ ಬೋರ್ಡ್ ಹಾಕುವುದಿತ್ತು. ಕೆಲಸ ಬೇಗ ಮುಗಿಯಿತು.

"ದೇಶ ದೇಶದಿಂದ ಜನ ಬಂದು ನೋಡ್ತಾರೆ. ನಾವು ಇಷ್ಟು ಹತ್ತಿರ ಇದ್ದೂ ನೋಡಿಲ್ಲ. ನಡಿ," ಅಂದ ಅಪ್ಪ, ಏಣಿಯನ್ನು ಹೆಗಲಿಗೇರಿಸಿಕೊಂಡು.

ಟಿಕೆಟ್ ಕೊಡುವವನು ಏಣಿಯನ್ನೂ ಅಪ್ಪನನ್ನೂ ನೋಡಿದ. "ಏನ್ ಯಜಮಾನ್ರೇ, ಗೋಡೆ ಹತ್ತಿ ಕೋಟೆ ಗೆಲ್ಲೋಕೆ ಬಂದ್ರಾ? ಮುನ್ನೂರು ವರ್ಷ ಲೇಟಾಯ್ತಲ್ಲ!"

ಸಾಲಿನಲ್ಲಿದ್ದವರೆಲ್ಲ ನಕ್ಕರು. ಏಣಿ ಬಾಗಿಲಲ್ಲೇ ಉಳಿಯಿತು. ಬಣ್ಣದ ಚೀಲ ಬುಗುರಿಯ ಹೆಗಲಲ್ಲೇ ಇತ್ತು.

ಪಾಠದ ಪುಸ್ತಕದಲ್ಲಿ ಬೆರಳಗಲ ಇದ್ದ ಕೋಟೆ ಈಗ ಆಕಾಶದವರೆಗೂ ಇತ್ತು. ಅಪ್ಪ ದೊಡ್ಡ ಬಾಗಿಲಿನ ಕೆತ್ತನೆ ನೋಡುತ್ತ ಕತ್ತು ಎತ್ತಿ ನಿಂತುಬಿಟ್ಟ. ಬುಗುರಿ ಒಬ್ಬಳೇ ಬುರುಜಿನ ಮೆಟ್ಟಿಲು ಹತ್ತಿದಳು.

ಮೇಲೊಂದು ಪುಟ್ಟ ಕೋಣೆ. ಗೋಡೆಯ ಮೇಲೆ ಸಾಲಾಗಿ ಹಕ್ಕಿಗಳ ಚಿತ್ರ. ಎಲ್ಲ ಮಾಸಿದ್ದವು. ಕೊನೆಯ ಹಕ್ಕಿಗಂತೂ ಕೊಕ್ಕು, ಅರ್ಧ ರೆಕ್ಕೆ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

"ತಾತ, ಇದಕ್ಕೆ ಯಾಕೆ ಯಾರೂ ಬಣ್ಣ ಹಚ್ಚಿಲ್ಲ?" ಸ್ಟೂಲಿನ ಮೇಲೆ ಕೂತಿದ್ದ ಕಾವಲಿನ ತಾತನನ್ನು ಕೇಳಿದಳು.

"ಅದಕ್ಕೆ ವಯಸ್ಸಾಗಿದೆ ಮಗು. ನನ್ನ ತಲೆಗೂ ಯಾರೂ ಹಚ್ಚಿಲ್ಲ ನೋಡು," ಅಂತ ತಾತ ಬೆಳ್ಳಗಿನ ಕೂದಲು ತೋರಿಸಿ ನಕ್ಕ.

ಬುಗುರಿಯ ಕೈ ತುರಿಸಿತು. ಇಂಥ ರೆಕ್ಕೆ ಅವಳಿಗೆ ಎಷ್ಟು ಹೊತ್ತಿನ ಕೆಲಸ? ಚೀಲದಲ್ಲಿ ಕೆಂಪು ಡಬ್ಬಿ ಇತ್ತು, ಸಣ್ಣ ಬ್ರಷ್ ಇತ್ತು.

"ತಾತ, ಕುಡಿಯೋಕೆ ನೀರು ಬೇಕು," ಅಂದಳು. ಅವಳಿಗೆ ಬಾಯಾರಿಕೆ ಏನೂ ಆಗಿರಲಿಲ್ಲ.

"ಬಾಟಲಿ ಕೆಳಗೆ ಟಿಕೆಟ್ ಕೌಂಟರಿನಲ್ಲಿದೆ. ಇಲ್ಲೇ ಇರು, ತಂದುಕೊಡ್ತೀನಿ," ಅಂತ ತಾತ ಮೊಣಕಾಲು ಹಿಡಿದುಕೊಂಡು ನಿಧಾನ ಎದ್ದ.

ಅವನು ಹೋದದ್ದೇ ತಡ, ಬುಗುರಿ ಡಬ್ಬಿ ತೆಗೆದಳು. ಅಪ್ಪ ಕಲಿಸಿದಂತೆ ಉಸಿರು ಹಿಡಿದು ಹಳೆಯ ಗೆರೆಯ ಮೇಲೇ ಎಳೆದಳು. ಗೆರೆ ಅಳಿಸಿದ್ದ ಕಡೆ ಪಕ್ಕದ ಹಕ್ಕಿ ನೋಡಿ ತುಂಬಿದಳು. ಕೊಕ್ಕು, ಕತ್ತು, ರೆಕ್ಕೆ. ಮುಗಿಸಿ ಅಪ್ಪನನ್ನು ಕರೆಯಲು ಓಡಿದಳು. "ಮೇಲೆ ಬಾ ಅಪ್ಪ, ಒಂದು ತೋರಿಸ್ತೀನಿ!"

ಇಬ್ಬರೂ ಮೇಲೆ ಬರುವಷ್ಟರಲ್ಲಿ ಕೋಣೆ ತುಂಬ ಜನ. ಕೋಟೆ ನೋಡಿಕೊಳ್ಳುವ ಮೇಡಂ ಗೋಡೆಯ ಮುಂದೆ ನಿಂತಿದ್ದರು.

"ಯಾರ್ರೀ ಇದನ್ನ ಮಾಡಿದ್ದು?"

ಬುಗುರಿ ಗೋಡೆ ನೋಡಿದಳು. ಮಂಕು ಬಣ್ಣದ ಹಳೇ ಹಕ್ಕಿಗಳ ಸಾಲಿನ ತುದಿಯಲ್ಲಿ ಅವಳ ಹಕ್ಕಿ ಚಪ್ಪಲಿ ಅಂಗಡಿಯ ಬೋರ್ಡಿನ ಹಾಗೆ ಮಿರಮಿರ ಮಿಂಚುತ್ತಿತ್ತು. ಅವಳ ಕಿವಿ ಬಿಸಿಯಾಯಿತು.

"ಯಾವ ಬಣ್ಣ ಅಂತಾದ್ರೂ ಗೊತ್ತಿದ್ರೆ ಜೋಪಾನವಾಗಿ ತೆಗೀಬಹುದಿತ್ತು," ಅಂದರು ಮೇಡಂ. "ಗೊತ್ತಿಲ್ಲದೆ ಉಜ್ಜಿದ್ರೆ ಕೆಳಗಿನ ಹಕ್ಕಿನೂ ಹೋಗುತ್ತೆ."

ಅಷ್ಟರಲ್ಲಿ ತಾತ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತ.

"ನೀವೆಲ್ಲಿ ಹೋಗಿದ್ರಿ? ಕಾಯೋಕೆ ಅಂತ ತಾನೆ ನಿಮ್ಮನ್ನ ಇಲ್ಲಿ ಕೂರಿಸಿರೋದು?"

"ಒಂದು ಗಳಿಗೆ ಕೆಳಗೆ ಹೋಗಿದ್ದೆ ಮೇಡಂ. ತಪ್ಪಾಯ್ತು."

ಯಾರಿಗಾಗಿ ಹೋಗಿದ್ದೆ ಅಂತ ತಾತ ಹೇಳಲಿಲ್ಲ. ಎಲ್ಲರೆದುರು ತಲೆ ತಗ್ಗಿಸಿ ಬೈಸಿಕೊಂಡ. ಆಮೇಲೆ ಬುಗುರಿಯ ಹತ್ತಿರ ಬಂದು ಬಾಟಲಿ ಚಾಚಿದ. "ಕುಡಿ ಮಗು."

ಬುಗುರಿ ಕುಡಿದಳು. ತಾತನ ಮುಖ ನೋಡದೆ ಬಾಟಲಿ ವಾಪಸ್ ಕೊಟ್ಟಳು.

ಅಪ್ಪ ತುಂಬ ಹೊತ್ತು ಆ ಕೆಂಪು ಹಕ್ಕಿಯನ್ನು ನೋಡಿದ. ಆಮೇಲೆ, "ನಡಿ, ಬಸ್ ಹೋಗುತ್ತೆ," ಅಂದ. ಮನೆಗೆ ಬಂದ ಮೇಲೂ ಇಬ್ಬರೂ ಕೋಟೆಯ ಸುದ್ದಿ ಎತ್ತಲಿಲ್ಲ.

ಸೀಮೆಎಣ್ಣೆಯಲ್ಲಿ ತೊಳೆದ ಬ್ರಷ್ ಈಗ ಶುಭ್ರವಾಗಿತ್ತು. ಆದರೂ ಬುಗುರಿ ಅದನ್ನು ಹಿಂಡುತ್ತಲೇ ಇದ್ದಳು.

"ಅಪ್ಪ, ಆ ಮೂಲೆ ಹೂವು ನಾನು ಬರೀಲಾ?"

"ಬೇಡ ಬಿಡು."

"ಯಾಕಪ್ಪ?" ಅನ್ನುವಷ್ಟರಲ್ಲಿ ಅವಳಿಗೆ ಅಳು ಬಂತು. "ಆ ಹಕ್ಕಿ... ಅದನ್ನ ನಾನೇ..."

"ಗೊತ್ತು," ಅಂದ ಅಪ್ಪ ಮೆಲ್ಲಗೆ. "ಗೆರೆ ಮುಗಿಯೋ ಕಡೆ ನೀನು ಒಂಚೂರು ಮೇಲಕ್ಕೆ ಎಳೀತೀಯ. ನೋಡಿದ ತಕ್ಷಣ ಗೊತ್ತಾಯ್ತು."

"ಮತ್ತೆ ನೀನ್ಯಾಕೆ ಬೈಲಿಲ್ಲ?"

ಅಪ್ಪ ಏಣಿಯಿಂದ ಇಳಿದು ಅವಳ ಪಕ್ಕ ಕೂತ. "ಬೈಯೋಕೆ ನನಗೆ ಬಾಯಿ ಎಲ್ಲಿತ್ತು? ಅಷ್ಟು ಜನರ ಮುಂದೆ ನಮ್ಮ ಹುಡುಗಿ ಅಂತ ಹೇಳೋಕೆ ನಾಚಿಕೆ ಆಯ್ತು. ಬಸ್ ನೆಪ ಹೇಳಿದೆ. ಬಸ್ಸಿಗೆ ಇನ್ನೂ ಬೇಕಾದಷ್ಟು ಟೈಮ್ ಇತ್ತು ಕಣೆ. ಅವತ್ತಿಂದ ಆ ಮೇಡಂಗೊಂದು ಲೆಟರ್ ಬರೀಬೇಕು ಅಂತಿದೀನಿ. ನಾಳೆ, ನಾಳೆ ಅಂತ ತಳ್ಕೊಂಡೇ ಬಂದೆ."

ಬುಗುರಿ ಅಪ್ಪನ ಮುಖ ನೋಡಿದಳು. ಏಣಿಯ ತುದಿಯಲ್ಲೂ ಹೆದರದ ಅಪ್ಪ ನೆಲ ನೋಡುತ್ತ ಕೂತಿದ್ದ.

ಅವಳು ಕೈ ಒರೆಸಿಕೊಂಡು ಸ್ಕೂಲ್ ಬ್ಯಾಗಿನಿಂದ ಪೆನ್ನು, ಹಾಳೆ ತಂದಳು.

ಅಪ್ಪ ಹೇಳಿದ, ಅವಳು ಬರೆದಳು: ಹಚ್ಚಿದ್ದು ಎನಾಮೆಲ್ ಪೇಂಟ್, ಒಂದೇ ಕೋಟು, ಹಚ್ಚಿದವಳು ನಾನು. ಡಬ್ಬಿಯ ಮೇಲಿದ್ದ ನಂಬರನ್ನೂ ನೋಡಿ ಬರೆದಳು.

"ಆಯ್ತಲ್ಲ, ಮಡಚು," ಅಂದ ಅಪ್ಪ.

"ಇನ್ನೊಂದಿದೆ."

ಇದು ಅಪ್ಪನಿಗೂ ಗೊತ್ತಿಲ್ಲದ್ದು. ಬುಗುರಿ ಎಡಗೈಯನ್ನು ಅಡ್ಡ ಹಿಡಿದುಕೊಂಡು ಬರೆದಳು. ಬರೆದಾದ ಮೇಲೆ ಕೈ ತೆಗೆದು, ಹಾಳೆಯನ್ನು ಅಪ್ಪನ ಕಡೆ ಸರಿಸಿದಳು.

"ತಾತನ ತಪ್ಪು ಏನೂ ಇಲ್ಲ. ನನಗೆ ಬಾಯಾರಿಕೆ ಆಗಿರಲಿಲ್ಲ. ಅವರು ಇದ್ದರೆ ಬೇಡ ಅನ್ನುತ್ತಾರೆ ಅಂತ ಗೊತ್ತಿದ್ದೇ ಕೆಳಗೆ ಕಳಿಸಿದೆ."

ಅಪ್ಪ ಎರಡು ಸಲ ಓದಿದ. ಪೆನ್ನು ತೆಗೆದುಕೊಂಡು ಅದರ ಕೆಳಗೆ ಬರೆದ: "ನಾನು ಗೊತ್ತಿದ್ದೂ ಸುಮ್ಮನಿದ್ದೆ. ಇವಳ ತಂದೆ."

ಪೋಸ್ಟ್ ಡಬ್ಬಿ ರಸ್ತೆಯ ತಿರುವಿನಲ್ಲಿತ್ತು. ಬುಗುರಿ ತುದಿಗಾಲಲ್ಲಿ ನಿಂತು ಕವರನ್ನು ಅರ್ಧ ಒಳಗೆ ತೂರಿಸಿದಳು. ಬಿಡಲಿಲ್ಲ.

"ಅಪ್ಪ, ತಾತನಿಗೂ ಗೊತ್ತಾಗುತ್ತಾ?"

"ಮೇಡಂ ಹೇಳ್ತಾರೆ."

"ಆಮೇಲೆ ಅವರು ನನ್ನನ್ನ ಒಳ್ಳೇ ಹುಡುಗಿ ಅಂದ್ಕೊಳಲ್ಲ, ಅಲ್ವಾ?"

"ಅಂದ್ಕೊಳದೇ ಇರಬಹುದು," ಅಂದ ಅಪ್ಪ.

ಬುಗುರಿ ತಲೆಯಾಡಿಸಿದಳು. ಬೆರಳು ಸಡಿಲಿಸಿದಳು. ಕವರು ಒಳಗೆ ಬಿದ್ದ ಸದ್ದು ಕೇಳಿಸಿತು.